ರಾವಸಾಹೇಬರ ಬೇಟೆ

ಮೊನ್ನೆ ಸಂತೆಯಲ್ಲಿ ಗೋಡಂಬಿ ಹಣ್ಣು ಬಂದಿತ್ತು. ಬೀಜವಲ್ಲ, ಹಣ್ಣು. ಖಾನಾಪುರದ ಕಡೆಯ ಹೆಣ್ಣುಮಗಳೊಬ್ಬಳು ಬುಟ್ಟಿ ಮುಂದಿಟ್ಟುಕೊಂಡು ಕುಳಿತಿದ್ದಳು. ಒಳಗೆ ಕೆಂಪು, ಹಳದಿ ಹಣ್ಣುಗಳು ಒಂದರ ಮೇಲೊಂದು ಬಿದ್ದು ಮೈ ಬಿರಿದುಕೊಂಡಿದ್ದವು. ಆ ವಾಸನೆ ಗೊತ್ತಿದ್ದವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಗೆ ಹೇಳಲಿ? ಸಿಹಿ ಇರುತ್ತದೆ, ಆದರೆ ನಿನ್ನೆಯ ಸಿಹಿ ಅನ್ನಿಸುತ್ತದೆ. ಮೂಗು ಬೇಕೆನ್ನುತ್ತದೆ, ಗಂಟಲು ಬೇಡವೆನ್ನುತ್ತದೆ. ನಾನು ತಿನ್ನುವವಳಲ್ಲ, ಆದರೂ ಕೊಂಡೆ. ಮನೆಗೆ ತಂದು ಫ್ರಿಜ್ಜಿನಲ್ಲಿಟ್ಟೆ. ಮರುದಿನ ಬೆಳಿಗ್ಗೆ ಹಾಲು ತೆಗೆಯಲು ಹೋದ ನನ್ನ ಯಜಮಾನರು ಬಾಗಿಲು ತೆರೆದವರೇ ಹಿಂದೆ ಸರಿದು, “ಇದರಾಗ ಏನ ಸತ್ತೈತಿ?” ಎಂದರು.

ನಾನು ಉತ್ತರ ಕೊಡಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಅವರ ಅರ್ಧ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ, ಉಳಿದರ್ಧಕ್ಕೆ ಅವರು ಕಾಯುವುದಿಲ್ಲ. ಆದರೆ ವಾಸನೆ ಅಡುಗೆಮನೆಯ ತುಂಬ ಹರಡಿತ್ತಲ್ಲ, ನನಗೆ ತಡೆಯಲಾರದಷ್ಟು ನಗು ಬಂತು. ಯಾಕೆಂದರು. “ಅಣ್ಣ ಗಿಡದ ಬುಡಕ ಕುಂತಿದ್ದು ನೆನಪಾತು” ಎಂದೆ. ಅವರೂ ನಕ್ಕರು. ಅವರು ಆ ದಿನ ಅಲ್ಲಿರಲಿಲ್ಲ. ಆದರೂ ನಮ್ಮ ಮನೆಯಲ್ಲಿ ಆ ಕಥೆ ಎಷ್ಟು ಸಲ ನಡೆದಿದೆಯೆಂದರೆ, ಈಗ ಅವರು ತಾವೂ ಇದ್ದವರ ಹಾಗೆಯೇ ಹೇಳುತ್ತಾರೆ. ನಿಮಗೂ ಹೇಳಿಬಿಡುತ್ತೇನೆ, ಕೂತುಕೊಳ್ಳಿ. ಅವಸರವಿದ್ದವರಿಗೆ ನನ್ನ ಕಥೆ ಆಗಿಬರುವುದಿಲ್ಲ.

ನನ್ನ ಅಣ್ಣ ಮಲ್ಲಪ್ಪನಿಗೆ ಬೆಳಗಾವಿಯ ಪೇಟೆಯಲ್ಲಿ ಪಾತ್ರೆ ಅಂಗಡಿ. ಸ್ಟೀಲು, ಹಿತ್ತಾಳೆ, ತಾಮ್ರ, ಎಲ್ಲ ಸಿಗುತ್ತದೆ. ಯಾರ ಮನೆಗೆ ಹೋದರೂ ಕೊಟ್ಟ ನೀರಿನ ಲೋಟವನ್ನು ಉಗುರಿನಿಂದ ಒಮ್ಮೆ ತಟ್ಟಿ, ಸದ್ದು ಕೇಳಿ, ಆಮೇಲೆ ಕುಡಿಯುವ ಮನುಷ್ಯ. ತಾಟಿನ ಕೆಳಗೆ ಏನು ಬರೆದಿದೆ ಎಂದು ತಿರುಗಿಸಿ ನೋಡುವ ಚಟ ಬೇರೆ. ಒಮ್ಮೆ ಮದುವೆಯೂಟದಲ್ಲಿ ಹೀಗೆ ತಿರುಗಿಸಲು ಹೋಗಿ ಸಾರೆಲ್ಲ ಬೀಗರ ಧೋತರದ ಮೇಲೆ ಚೆಲ್ಲಿದ್ದ. ಇರಲಿ, ಅದು ಬೇರೆ ಕಥೆ.

ಅಣ್ಣನ ಮನಸ್ಸು ಮಾತ್ರ ಬೆಣ್ಣೆ. ಸಕ್ಕರೆ ಡಬ್ಬಿಗೆ ಇರುವೆ ಮುತ್ತಿದರೆ ಡಬ್ಬಿಯನ್ನು ಬಿಸಿಲಿಗಿಟ್ಟು, ಇರುವೆಗಳು ತಾವಾಗಿ ಹೋಗುವ ತನಕ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಮೀನು ಮಾರುವಲ್ಲಿ ರಸ್ತೆ ದಾಟಿ ಆ ಬದಿಗೆ ನಡೆಯುತ್ತಾನೆ. ಅದು ವಾಸನೆಗೆ ಹೆದರಿ ಅಂತ ತಿಳಿಯಬೇಡಿ. ಮೀನಿನ ಕಣ್ಣು ತನ್ನನ್ನೇ ನೋಡುತ್ತದೆಯಂತೆ! ಅಂಗಡಿಯಲ್ಲಿ ಇಲಿ ಬಿದ್ದಾಗ ಬೋನಿನ ಸಮೇತ ಸ್ಕೂಟರಿಗೆ ಕಟ್ಟಿಕೊಂಡು ಕೋಟೆಯ ಕಂದಕದ ತನಕ ಹೋಗಿ ಬಿಟ್ಟು ಬಂದಿದ್ದ. ಮರುದಿನ ಅಂಗಡಿಯಲ್ಲಿ ಮತ್ತೆ ಇಲಿ. ಅದು ಬೇರೆ ಇಲಿ ಎಂದು ನಾವೆಲ್ಲ ಹೇಳಿದರೂ ಅವನು ಒಪ್ಪಲಿಲ್ಲ. “ಇಲ್ಲವಾ, ಅದ ಇಲಿ. ನನ್ನ ಗುರ್ತ ಹಿಡೀತು” ಎಂದ.

ಇಂಥವನ ಮಗಳು ದೀಪಾ. ಹಿಂಡಲಗಾ ಕಡೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅದೇ ಶಾಲೆಯಲ್ಲಿ ಆಟ ಆಡಿಸುವ ಮಾಸ್ತರ ಸಾಗರ, ಖಾನಾಪುರದ ಮರಾಠಾ ಹುಡುಗ. ಇಬ್ಬರಿಗೂ ಮನಸ್ಸಾಯಿತು. ದೀಪಾ ಮನೆಯಲ್ಲಿ ಬಾಯಿಬಿಟ್ಟಳು. ಅಣ್ಣನಿಗೆ ಮೊದಲು ಜ್ವರ ಬಂತು. ಜ್ವರ ಇಳಿದ ಮೇಲೆ ಮೌನ. ಮೌನ ಮುಗಿದ ಮೇಲೆ ಒಂದೇ ಮಾತು: “ಅವರು ತಿಂತಾರಲ್ಲವಾ.” ಹುಡುಗನ ಗುಣ, ಮನೆತನ, ನೌಕರಿ ಯಾವುದಕ್ಕೂ ಅವನ ತಕರಾರಿಲ್ಲ. ಅವರ ಮನೆಯಲ್ಲಿ ಮಾಂಸ ಬೇಯುತ್ತದೆ, ನಮ್ಮಲ್ಲಿ ಅದರ ಹೆಸರು ಹೇಳಿದರೂ ಬಾಯಿ ತೊಳೆಯುತ್ತಾರೆ. ಅಷ್ಟೇ ಅಡ್ಡಿ. ದೀಪಾಳದು ನನ್ನದೇ ಬಾಯಿ. “ಅಪ್ಪಾ, ನಾ ಅವನ ಜೋಡಿ ಲಗ್ನಾ ಆಗಾಕ ಹೊಂಟೀನಿ, ಅವನ ತಾಟಿಗೆ ಬೀಳಾಕಲ್ಲ” ಎಂದಳು. ಅಣ್ಣನಿಗೆ ಮತ್ತೆ ಜ್ವರ ಬಂತು.

ಅಲ್ಲಿಯೂ ಇದೇ ಗೋಳು ಎಂದು ಆಮೇಲೆ ಗೊತ್ತಾಯಿತು. ಸಾಗರನ ಅಪ್ಪ, ಅವ್ವ ಇಬ್ಬರೂ ಒಪ್ಪಿದ್ದರು. ಒಪ್ಪದವರು ಅಜ್ಜಿ. ಮನೆಯವರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು, ಆಯಿ ಹೂಂ ಅನ್ನದೆ ಆ ಮನೆಯಲ್ಲಿ ಹಿತ್ತಲಿನ ನುಗ್ಗೆಕಾಯಿಯನ್ನೂ ಕೀಳುತ್ತಿರಲಿಲ್ಲ. ಆಯಿ ಅಂದಿದ್ದರಂತೆ: “ಆ ಮಂದಿ ನಮ್ಮ ಮನ್ಯಾಗ ಒಂದು ವಾಟಗಾ ನೀರು ಕುಡ್ಯಂಗಿಲ್ಲ. ನಾಳೆ ನನ್ನ ಮೊಮ್ಮಗ ನನ್ನ ಬಾಜೂಕ ಕುಂತು ಉಣ್ಣಾಕ ಹೆಂಡತಿ ಮಾರಿ ನೋಡಬೇಕೇನು?” ಹೀಗೆ ದೀಪಾಳ ಮದುವೆ ಒಬ್ಬ ಮುದುಕಿಯ ಒಂದು ಹೂಂ ಮೇಲೆ ನಿಂತುಬಿಟ್ಟಿತ್ತು. ಹೋಳಿ ಮುಗಿದ ಮೇಲಿನ ಒಂದು ರವಿವಾರ ಬೆಳಿಗ್ಗೆ ನಾವು ಆ ಹೂಂ ತರಲು ಖಾನಾಪುರಕ್ಕೆ ಹೊರಟೆವು.

ಅಣ್ಣ, ಅವನ ಹೆಂಡತಿ ನಮ್ಮ ವೈನಿ, ದೀಪಾ, ನಾನು. ನನ್ನನ್ನು ಯಾಕೆ ಕರೆದರೆಂದರೆ, ಅಣ್ಣ ಇಂಥಲ್ಲಿ ಮಾತು ಮರೆಯುತ್ತಾನೆ, ನಾನು ಮರೆತ ಉದಾಹರಣೆ ಇಲ್ಲ. ಕಾರು ನಡೆಸಲು ಅಣ್ಣನ ಬಾಲ್ಯದ ಗೆಳೆಯ ಗುರುನಾಥ. ಗುರುನಾಥನ ಅಜ್ಜ ಒಂದು ಕಾಲದಲ್ಲಿ ಹುಲಿ ಹೊಡೆದಿದ್ದನಂತೆ. ಆ ಹುಲಿ ನಾನು ಸಣ್ಣವಳಿದ್ದಾಗ ಎಮ್ಮೆ ಕರುವಿನಷ್ಟಿತ್ತು, ಈಗ ಟೆಂಪೋದಷ್ಟಾಗಿದೆ. ಕಾಡಿನ ಬದಿಗೆ ಹೋಗುವುದಿದೆಯೆಂದು ಅಂದೂ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಬಂದಿದ್ದ. ಹೆಣ್ಣಿನ ಮನೆಯವರ ಕಡೆಯಿಂದ ಬೀಗರನ್ನು ಕಾಣಲು ದುರ್ಬೀನು ಹಾಕಿಕೊಂಡು ಹೋದವರು ನಾವೇ ಮೊದಲಿರಬೇಕು.

ಊರು ದಾಟಿ, ಹೊಳೆಯ ಕಡೆಗೆ ತಿರುಗಿದರೆ ಅವರ ಮನೆ. ಹಿಂದೆ ಗೋಡಂಬಿ ಗಿಡಗಳು, ಅದರ ಹಿಂದೆ ಅಡವಿ. ಇಳಿದ ಕೂಡಲೇ ಸಾಗರನ ಅಪ್ಪ ಅಂಗಳದಲ್ಲೇ ಗಂಡಸರಿಬ್ಬರ ತಲೆಗೂ ಫೇಟಾ ಕಟ್ಟಿದರು. ಅವರಲ್ಲಿ ಬಂದವರಿಗೆ ಅದೇ ಮರ್ಯಾದೆ. ಗುರುನಾಥನಿಗೆ ಸಿಕ್ಕಿದ್ದು ಬಿಳಿ, ಸಾದಾ. ಹುಡುಗಿಯ ಅಪ್ಪನಿಗೆ ಮಾತ್ರ ಕಡುಗೆಂಪು ಬಣ್ಣದ್ದು, ಮೇಲೆ ಬೀಸಣಿಗೆಯ ಹಾಗೆ ಅರಳಿದ ತುರಾಯಿ, ಹಿಂದೆ ಸೊಂಟದ ತನಕ ಇಳಿದ ಸೆರಗು. ಜನ್ಮದಲ್ಲಿ ಹೆಲ್ಮೆಟ್ಟು ಬಿಟ್ಟು ತಲೆಗೆ ಏನೂ ಹಾಕದ ಅಣ್ಣ, ಕೊರಳು ಅಲುಗಿಸಿದರೆ ಎಲ್ಲಿ ಬೀಳುತ್ತದೋ ಎಂದು ಕಂಬದ ಹಾಗೆ ಕುಳಿತ. ವೈನಿ ನನ್ನ ಕಿವಿಯಲ್ಲಿ, “ಲಗ್ನಾ ಮಗಳದೋ ಇವರದೋ?” ಎಂದಳು.

ನೀರು ಬಂತು. ಅಣ್ಣ ಲೋಟಕ್ಕೆ ಉಗುರು ತಟ್ಟಿದ. ಆಮೇಲೆ ಗಟಗಟ ಕುಡಿದ. ಬಾಗಿಲ ಬಳಿ ಒಂಬತ್ತು ವಾರೆ ಸೀರೆಯ ಗಿಡ್ಡ ಮುದುಕಿ ಕೋಲು ಹಿಡಿದು ನಿಂತಿತ್ತು. ಕೋಲು ಊರಲಿಕ್ಕಲ್ಲ, ಜನರನ್ನು ತೋರಿಸಲಿಕ್ಕೆ. ಆಯಿ. ಅಣ್ಣ ನೀರು ಕುಡಿದದ್ದನ್ನು ನೋಡಿದರು, ಒಳಗೆ ಹೋದರು. ಪರವಾಗಿಲ್ಲ, ಗಾಡಿ ಸರಿಯಾಗಿ ಹೊರಟಿದೆ ಎಂದುಕೊಂಡೆ.

ಅಣ್ಣ ಕೈಕಾಲು ತೊಳೆದು ಬರುತ್ತೇನೆಂದು ಹಿತ್ತಲಿಗೆ ಹೋದ. ಹೋದವನು ಬರಲೇ ಇಲ್ಲ. ನೋಡಿ ಬರೋಣವೆಂದು ನಾನೂ ಹೋದೆ. ಅಲ್ಲಿ ಕಂಡದ್ದು ಹೇಳುತ್ತೇನೆ. ಒಲೆಯ ಮೇಲೆ ತಾಮ್ರದ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಪಕ್ಕದ ಕಲ್ಲಿನ ಮೇಲೆ ಆಗಷ್ಟೇ ಮಸೆದ ಕೊಯ್ತಾ, ಅಗಲ ಅಲಗಿನ ಕತ್ತಿ, ಮಿಂಚುತ್ತಿತ್ತು. ಆಚೆ ಗೂಟಕ್ಕೆ ಕಾಲು ಕಟ್ಟಿದ ಒಂದು ಟರ್ಕಿ ಕೋಳಿ. ನಾನು ಅಂಥದ್ದನ್ನು ಚಿತ್ರದಲ್ಲಷ್ಟೇ ನೋಡಿದ್ದೆ. ಮೈ ಕಪ್ಪು, ತಲೆ ಬೋಳು, ಮೂಗಿನ ಮೇಲಿಂದ ಕೆಂಪು ಮಾಂಸದ ತುಂಡೊಂದು ಜೋತಾಡುತ್ತಿತ್ತು. ಅದು ಬಾಲ ಅರಳಿಸಿಕೊಂಡು ಅಣ್ಣನನ್ನು ದಿಟ್ಟಿಸುತ್ತಿತ್ತು. ಅಣ್ಣನ ಕಣ್ಣಲ್ಲಿ ನೀರು.

“ನಮಗಾಗಿ ಕೊಯ್ಯಾಕ ಹತ್ಯಾರವಾ” ಎಂದ.

“ಹುಚ್ಚಾ, ನಾವು ತಿನ್ನಂಗಿಲ್ಲ ಅಂತ ಅವರಿಗೆ ಗೊತ್ತಿಲ್ಲೇನು?”

“ಗುರುನಾಥ ತಿಂತಾನ. ಅವರ ಮಂದಿ ತಿಂತಾರ. ಮನಿಗೆ ಬೀಗರು ಬಂದ್ರ ಇವರು ಕೊಯ್ಯಲೇಬೇಕು. ನೀರ ನೋಡು, ಕೊಯ್ತಾ ನೋಡು.”

ನಾನು ಬೇಡ ಅನ್ನುವಷ್ಟರಲ್ಲಿ ಅಣ್ಣ ಬಗ್ಗಿ ಹಗ್ಗ ಬಿಚ್ಚಿದ್ದ. “ಹೋಗಪಾ, ಎಲ್ಲೆರೆ ಹೋಗಿ ಬದುಕು” ಎಂದು ಅದಕ್ಕೆ ಕೈ ಮುಗಿದ. ಅದು ಮೊದಲು ಅವನ ಮೊಣಕಾಲಿಗೆ ಸರಿಯಾಗಿ ಕುಕ್ಕಿತು. ಆಮೇಲೆ ಗತ್ತಿನಿಂದ ಬೇಲಿಯ ಸಂದಿಯಲ್ಲಿ ನುಸುಳಿ ಗೋಡಂಬಿ ಗಿಡಗಳೊಳಗೆ ಹೋಯಿತು. ಅಣ್ಣ ಮೊಣಕಾಲು ತಿಕ್ಕಿಕೊಳ್ಳುತ್ತ, “ನೀ ಏನೂ ನೋಡಿಲ್ಲ” ಎಂದ. ನಾನು ನಿಜಕ್ಕೂ ಏನೂ ನೋಡಿರದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ನಾವು ಬಂದು ಕುಳಿತು ಉಸಿರು ತೆಗೆದುಕೊಂಡಿರಲಿಲ್ಲ, ಹಿತ್ತಲಿನಿಂದ ಆಯಿಯ ಕೂಗು. “ರಾವಸಾಹೇಬ! ಅರೇ, ರಾವಸಾಹೇಬ ಕುಠೇ ಗೇಲಾ?” ಎಲ್ಲಿ ಹೋದ ಎಂದು ಹುಡುಕಲು ಮನೆಯವರೆಲ್ಲ ಎದ್ದು ಓಡಿದರು. ರಾವಸಾಹೇಬ ಅಂದರೆ ಯಾರೋ ಹಿರಿಯರು, ಪಾಪ, ಮರೆವಿನವರಿರಬೇಕು ಎಂದು ವೈನಿ ಮರುಗಿದಳು. ಸಾಗರ ಓಡುತ್ತಲೇ ಹೇಳಿದ: ಅದು ಆಯಿಯ ಟರ್ಕಿ. ಅಜ್ಜ ಇದ್ದಾಗ ಗೋವಾದ ಹೋಟೆಲಿನವರಿಗೆ ಕ್ರಿಸ್ಮಸ್ಸಿಗೆ ಮಾರಲೆಂದು ಮರಿಗಳನ್ನು ತಂದಿದ್ದರಂತೆ. ಕ್ರಿಸ್ಮಸ್ಸಿಗೆ ಮೊದಲೇ ಅಜ್ಜ ತೀರಿಕೊಂಡರು. ಉಳಿದವನ್ನೆಲ್ಲ ಮಾರಿದರು. ಇದೊಂದನ್ನು ಮಾತ್ರ ಆಯಿ ಮಾರಗೊಡಲಿಲ್ಲ. ಅಂದಿನಿಂದ ಅದು ಆಯಿಯ ಹಿಂದೆ ಹಿಂದೆ ತೋಟಕ್ಕೆ ಹೋಗುತ್ತದೆ, ಆಯಿ ಕೂತಲ್ಲಿ ಕೂರುತ್ತದೆ. ಹೊಸಬರನ್ನು ಕುಕ್ಕುತ್ತದೆಂದು ನಮ್ಮ ಸಲುವಾಗಿ ಅವತ್ತು ಕಟ್ಟಿದ್ದರು.

ಅಣ್ಣನ ಮುಖ ನೋಡಬೇಕಿತ್ತು. ಮೇಲಿನ ಫೇಟಾ ಕೆಂಪು, ಕೆಳಗಿನ ಮುಖ ಸುಣ್ಣ.

ಆಯಿ ಬಿಚ್ಚಿದ ಹಗ್ಗ ಹಿಡಿದು ಅಂಗಳಕ್ಕೆ ಬಂದರು. “ಅಡವ್ಯಾಗ ನರಿ ಅದಾವು, ಊರ ನಾಯಿ ಅದಾವು. ಅದು ಮನಿಗೆ ಬರೂತನ ನನ್ನ ಬಾಯಾಗ ಲಗ್ನದ ಮಾತು ಬರಂಗಿಲ್ಲರಿ. ಸಿಟ್ಟಾಗಬ್ಯಾಡ್ರಿ” ಎಂದು ನಮ್ಮ ಕಡೆ ನೋಡಿ ಹೇಳಿದರು. ಸಿಟ್ಟಾಗುವ ಸ್ಥಿತಿಯಲ್ಲಿ ನಮ್ಮಲ್ಲಿ ಯಾರೂ ಇರಲಿಲ್ಲ. ದೀಪಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲು ಹೊರಟಳು. ಅವಳ ಹಿಂದೆ ಎರಡೂ ಮನೆಯವರು. ಹೆಣ್ಣು ನೋಡುವ ಶಾಸ್ತ್ರ, ಗಂಡು ನೋಡುವ ಶಾಸ್ತ್ರ ಕೇಳಿದ್ದೀರಿ. ಟರ್ಕಿ ನೋಡುವ ಶಾಸ್ತ್ರ ನಮ್ಮ ಮನೆತನದಿಂದ ಶುರುವಾಯಿತು.

ಗೋಡಂಬಿ ಗಿಡದಡಿ ನಡೆಯುವುದು ಸುಲಭವಲ್ಲ. ಟೊಂಗೆಗಳು ನೆಲಕ್ಕೆ ಬಾಗಿರುತ್ತವೆ, ಕೆಳಗೆ ಒಣಗಿದ ಎಲೆ, ಕೊಳೆತ ಹಣ್ಣು. ಕಾಲಿಟ್ಟಲ್ಲಿ ಜಾರುತ್ತದೆ. ನನ್ನ ರೇಷ್ಮೆ ಸೀರೆಯ ಅಂಚಿಗೆ ಅಂದು ಹತ್ತಿದ ಕಲೆ ಇವತ್ತಿಗೂ ಹೋಗಿಲ್ಲ. ಗುರುನಾಥ ಮುಂದೆ ನಿಂತು ದುರ್ಬೀನಿನಿಂದ ನೋಡಿ, ಕೈಸನ್ನೆಯಲ್ಲೇ ನಮ್ಮನ್ನು ಎಡಕ್ಕೆ, ಬಲಕ್ಕೆ ಕಳಿಸಿದ. “ಕಂಡಿತು! ಕಪ್ಪಗ ಐತಿ, ಕುಂತೈತಿ!” ಎಂದ. ಎಲ್ಲರೂ ಉಸಿರು ಬಿಗಿಹಿಡಿದು ಸುತ್ತುವರಿದೆವು. ಅದು ಎಮ್ಮೆ. ತನ್ನಷ್ಟಕ್ಕೆ ಮೆಲುಕು ಹಾಕುತ್ತ ನಮ್ಮನ್ನು ನೋಡಿತು. ಹುಲಿ ಹೊಡೆದ ಅಜ್ಜನ ವಿಷಯದಲ್ಲಿ ನನಗೆ ಮೊದಲೇ ಇದ್ದ ಅನುಮಾನ ಗಟ್ಟಿಯಾಯಿತು.

ಎಲ್ಲರೂ ಚದುರಿ ಹೋದರೆಂದು ಸಾಗರ ಕಿಸೆಯಿಂದ ಶೀಟಿ ತೆಗೆದು ಊದಿದ. ಊದಿದ್ದೇ ತಡ, ದೂರದ ಪೊದೆಯೊಳಗಿಂದ “ಗುಳಗುಳಗುಳ” ಎಂಬ ಸದ್ದು. ಮತ್ತೆ ಊದಿದ. ಮತ್ತೆ ಗುಳಗುಳ. “ಅದರ ದಿನಮಾನ ಇದು. ಹೋಳಿ ಬಂತಂದ್ರ ಯಾರ ಸಪ್ಪಳ ಮಾಡಿದ್ರೂ ಎದುರ ಮಾತಾಡತೈತಿ. ನನ್ನ ಮಾತೂ ಕೇಳಂಗಿಲ್ಲ” ಎಂದರು ಆಯಿ. ಇರುವ ಜಾಗ ಗೊತ್ತಾಯಿತು. ಆದರೆ ಹತ್ತಿರ ಹೋದರೆ ಸದ್ದಿಲ್ಲ. ಅಲ್ಲಿಂದ ಸರಿದು ಇನ್ನೂ ಆಚೆ, ಅಡವಿಯ ಕಡೆಗೆ ಹೋಗಿರುತ್ತಿತ್ತು. ನಾವು ಹಿಂಬಾಲಿಸಿದಷ್ಟೂ ಅದು ಅಡವಿಗೆ ಹತ್ತಿರವಾಗುತ್ತಿತ್ತು. ದೂರದಲ್ಲಿ ನಾಯಿ ಬೊಗಳಿತು. ಆಯಿ ಅಲ್ಲೇ ಒಂದು ಕಲ್ಲಿನ ಮೇಲೆ ಕುಸಿದು ಕುಳಿತರು.

ಅಣ್ಣ ನನ್ನ ಪಕ್ಕ ಬಂದ. “ಹೇಳಿಬಿಡಲೇನು?”

“ಬಾಯಿ ಮುಚಗೊಂಡು ಹುಡುಕು.”

“ಬದಕಲಿ ಅಂತ ಬಿಟ್ಟೆ. ನಾಯಿ ಹಿಡದ್ರ ನಾನ ಕೊಂದಂಗ ಆತಲ್ಲವಾ.”

“ಈಗ ಹೇಳಿದ್ರ ನಾಯಿ ಅದನ್ನ ಬಿಟ್ಟು ಮಗಳ ಲಗ್ನಕ್ಕ ಬಾಯಿ ಹಾಕತೈತಿ.” ನನಗೆ ಅವನ ಮೇಲೆ ಕೆಂಡದಂಥ ಸಿಟ್ಟಿತ್ತು. ಜೊತೆಗೆ ಕನಿಕರವೂ ಇತ್ತು. ಎರಡೂ ಒಟ್ಟಿಗೆ ಆದರೆ ನಾನು ಇನ್ನೂ ಜೋರಾಗಿ ಬೈಯುತ್ತೇನೆ.

ದಾರಿ ಕಂಡುಹಿಡಿದವಳು ದೀಪಾ. ಒಂದು ಗಿಡಕ್ಕೆ ಒರಗಿ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದಳು. ಅಮೆರಿಕದಲ್ಲಿ ಇದೇ ವಸಂತದ ದಿನಗಳಲ್ಲಿ ಜನ ಗೆಳೆಯರು, ಮಕ್ಕಳು, ಅಪ್ಪಂದಿರು ಎಲ್ಲ ಸೇರಿ ಟರ್ಕಿ ಬೇಟೆಗೆ ಹೋಗುತ್ತಾರಂತೆ. ಅದರ ವಿಡಿಯೋ ಸಿಕ್ಕಿತ್ತು. ಎಲೆ ಬಣ್ಣದ ಬಟ್ಟೆ ಹಾಕಿದ ದಪ್ಪ ಮನುಷ್ಯನೊಬ್ಬ ಮರಕ್ಕೆ ಬೆನ್ನು ಕೊಟ್ಟು ಕಲ್ಲಿನ ಹಾಗೆ ಕುಳಿತು, ಹೆಣ್ಣು ಟರ್ಕಿಯ ಹಾಗೆ ಕೂಗುತ್ತಿದ್ದ. ಎದುರಿಗೆ ಅರಳಿದ ಬಾಲದ ಒಂದು ಬೊಂಬೆ ಇಟ್ಟಿದ್ದ. ತನ್ನ ರಾಜ್ಯದಲ್ಲಿ ಇನ್ನೊಂದು ಗಂಡು ಮೆರೆಯುತ್ತಿದೆಯೆಂದು ಸಿಟ್ಟಾಗಿ ಟರ್ಕಿ ತಾನಾಗಿ ಬರುತ್ತದಂತೆ.

ನಾವೆಲ್ಲ ಮೊಬೈಲಿನ ಮೇಲೆ ಬಗ್ಗಿದೆವು. ಆಮೇಲೆ ದೀಪಾ ನಿಧಾನವಾಗಿ ತಲೆ ಎತ್ತಿ ತನ್ನ ಅಪ್ಪನ ಫೇಟಾ ನೋಡಿದಳು. ಸಾಗರ ನೋಡಿದ. ಆಯಿ ಕೋಲಿನಿಂದ ತೋರಿಸಿದರು. ಕೆಂಪು ಫೇಟಾ, ಅರಳಿದ ತುರಾಯಿ, ಹಿಂದೆ ಜೋಲುವ ಸೆರಗು.

“ಇಲ್ಲ” ಎಂದ ಅಣ್ಣ.

“ಅಪ್ಪಾ, ಸುಮ್ಮನ ಕುಂದರೂದಷ್ಟ.”

“ಅದಕ್ಕ ನನ್ನ ಕಂಡ್ರ ಆಗಂಗಿಲ್ಲ!”

“ನಿಮ್ಮನ್ನ ಅದು ಯಾವಾಗ ನೋಡೇತ್ರಿ?” ಎಂದರು ಆಯಿ. ನಾನು ಜೋರಾಗಿ ಕೆಮ್ಮಿದೆ.

ಹೀಗೆ ಬೆಳಗಾವಿಯ ಪಾತ್ರೆ ವ್ಯಾಪಾರಿ ನನ್ನ ಅಣ್ಣ, ಇರುವೆಗೂ ದಾರಿ ಬಿಡುವವನು, ಒಂದು ಗೋಡಂಬಿ ಗಿಡದ ಬುಡಕ್ಕೆ ಬೆನ್ನು ಕೊಟ್ಟು ಕುಳಿತ. ಸುತ್ತ ಕೊಳೆತ ಹಣ್ಣು, ನೊಣ, ಆ ವಾಸನೆ. ಮೊಬೈಲನ್ನು ಅವನ ತೊಡೆಯ ಮೇಲಿಟ್ಟು ವಿಡಿಯೋದ ಹೆಣ್ಣು ಕೂಗು ಹಚ್ಚಿದರು. ಆಯಿ ಕೌದಿಯೊಂದನ್ನು ತರಿಸಿ, ಅದನ್ನು ಹಿಡಿದು ಅದೇ ಗಿಡದ ಹಿಂದೆ ಅಡಗಿದರು. ನಾವೆಲ್ಲ ದೂರ. “ಹಂದಾಡಬ್ಯಾಡ್ರಿ. ಏನ ಆದ್ರೂ ಹಂದಾಡಬ್ಯಾಡ್ರಿ” ಎಂದು ಆಯಿ ಹೇಳುವುದು ಕೇಳಿಸಿತು.

ಕೂಗಿಗೆ ಗುಳಗುಳ ಎಂದು ಉತ್ತರ ಬಂತು. ಇನ್ನೊಮ್ಮೆ, ಇನ್ನೂ ಹತ್ತಿರ. ಪೊದೆ ಅಲುಗಿತು. ರಾವಸಾಹೇಬರು ಹೊರಬಂದರು. ಕೆಂಪು ಫೇಟಾ ಕಂಡದ್ದೇ ತಡ, ಬಾಲ ಅರಳಿಸಿದರು, ರೆಕ್ಕೆಗಳನ್ನು ನೆಲಕ್ಕೆ ಎಳೆಯುತ್ತ ಬಂದರು, ಬೋಳು ತಲೆ ನೀಲಿಯಿಂದ ಕೆಂಪಾಯಿತು. ಅಣ್ಣ ಅಲುಗಲಿಲ್ಲ. ಕಣ್ಣು ಮಾತ್ರ ತಟ್ಟೆಯಷ್ಟು ಅಗಲವಾದವು. ಒಂದು ಮಾರು ದೂರಕ್ಕೆ ಬಂದು ಅದು ಕೊರಳು ಚಾಚಿ ಅವನ ಮುಖಕ್ಕೆ ಮುಖ ಕೊಟ್ಟು ನಿಂತಿತು. ಆಗ ಅಣ್ಣನ ಕಟ್ಟೆ ಒಡೆಯಿತು. ಮೈ ಅಲುಗಿಸಬಾರದೆಂದು ಹೇಳಿದ್ದರು, ಬಾಯಿಯ ಬಗ್ಗೆ ಯಾರೂ ಹೇಳಿರಲಿಲ್ಲ.

“ಆಯೀ! ನಾನ ಬಿಟ್ಟೇನ್ರೀ! ಹಗ್ಗಾ ನಾನ ಬಿಚ್ಚೇನ್ರೀ! ನಮ್ಮ ಸಲುವಾಗಿ ಕೊಯ್ತೀರಿ ಅಂತ ತಿಳದ್ನೆರೀ! ನಮ್ಮ ಸಲುವಾಗಿ ಒಂದು ಜೀವಾ ಹೋದ್ರ ನಾ ನಿಮ್ಮ ಮನ್ಯಾಗ ಹೆಂಗ ಉಣ್ಣಲಿ? ಉಣ್ಣದಿದ್ರ ನನ್ನ ಮಗಳ ಲಗ್ನ ಹೋಕ್ಕಿತ್ತು! ಅದಕ್ಕ ಬಿಟ್ಟೇನ್ರೀ!”

ಟರ್ಕಿ ಬೆಚ್ಚಿಬಿದ್ದು ಅವನಿಗಿಂತ ಜೋರಾಗಿ ಗುಳಗುಳ ಎಂದಿತು. ಅಷ್ಟರಲ್ಲಿ ಆಯಿ ಕೌದಿ ಎಸೆದು ಅದರ ಮೇಲೆಯೇ ಬಿದ್ದರು. ಫೇಟಾ ಒಂದು ಕಡೆ, ಮೊಬೈಲು ಒಂದು ಕಡೆ. ಧೂಳು ಅಡಗಿದಾಗ ಆಯಿ ನೆಲದ ಮೇಲೆ ಕೌದಿಯ ಗಂಟು ಅಪ್ಪಿಕೊಂಡು ಕುಳಿತಿದ್ದರು, ಎದುರಿಗೆ ಬರಿದಲೆಯ ಅಣ್ಣ ಕೈ ಮುಗಿದು ಕುಳಿತಿದ್ದ. ಮೊಬೈಲಿನಲ್ಲಿ ಹೆಣ್ಣು ಟರ್ಕಿ ಮಾತ್ರ ಇನ್ನೂ ಕೂಗುತ್ತಿತ್ತು. ಸಾಗರ ಹೋಗಿ ಅದನ್ನು ನಿಲ್ಲಿಸಿದ. ದೀಪಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಮುಗಿಯಿತು ಎಂದುಕೊಂಡೆ.

ಆಯಿ ಮೊದಲು ಗಂಟನ್ನು ಬಿಗಿ ಮಾಡಿಕೊಂಡರು. ಆಮೇಲೆ ಅಂದರು: “ಕೊಯ್ತಾ ಹಲಸಿನಕಾಯಿಗೆ. ಬಿಸಿನೀರು ನೀವು ಕಾಲು ತೊಳಕೊಳ್ಳಾಕ. ನೀವು ಬರೂ ಮಾತು ಆದಾಗಿಂದ ಈ ಮನ್ಯಾಗ ಮೀನಿನ ಮುಳ್ಳು ಸೈತ ಬಂದಿಲ್ಲ.” ಗಂಟನ್ನು ಅಣ್ಣನ ಮುಂದೆ ಚಾಚಿದರು. “ಹಿಡೀರಿ. ಬಿಟ್ಟವರು ನೀವು, ಹೊತಗೊಂಡು ಬರೂದೂ ನೀವ.”

ಅಣ್ಣ ಹೊತ್ತುಕೊಂಡ. ಮೊದಲು ಕೈ ಚಾಚಿ ದೂರ ಹಿಡಿದಿದ್ದ. ಗಂಟು ಒದೆಯತೊಡಗಿದ ಮೇಲೆ ಎದೆಗೆ ಅಪ್ಪಿಕೊಂಡ. ದಾರಿಯುದ್ದಕ್ಕೂ ಅದಕ್ಕೆ “ಆತು, ಆತು, ಮನಿ ಬಂತು” ಎಂದು ಸಮಾಧಾನ ಹೇಳುತ್ತಿದ್ದ. ಆಯಿ ಪಕ್ಕದಲ್ಲಿ ನಡೆಯುತ್ತ ಒಮ್ಮೆ ಗಂಟನ್ನು, ಒಮ್ಮೆ ಅವನನ್ನು ನೋಡುತ್ತಿದ್ದರು. ಅವರ ಮನಸ್ಸಿನಲ್ಲಿ ಏನಿದೆಯೋ ನನಗೆ ಗೊತ್ತಾಗಲಿಲ್ಲ. ನಾನು ಮುಖ ನೋಡಿ ಮನಸ್ಸು ಹೇಳುತ್ತೇನೆಂದು ಊರೆಲ್ಲ ಜಂಬ ಕೊಚ್ಚಿಕೊಂಡವಳು.

ಊಟಕ್ಕೆ ಕುಳಿತೆವು. ಎಳೆ ಹಲಸಿನಕಾಯಿಯ ಪಲ್ಯ, ಅಕ್ಕಿ ರೊಟ್ಟಿ, ಬೇಳೆಯ ಆಮಟಿ. ಚಟ ಎಲ್ಲಿ ಬಿಡುತ್ತದೆ? ಅಣ್ಣ ಆಮಟಿಯ ಬಟ್ಟಲನ್ನು ಮೆಲ್ಲಗೆ ಎತ್ತಿ ಕೆಳಗೆ ನೋಡಿದ. ಅಂಗಡಿಯ ಚೀಟಿ ಹಾಗೇ ಅಂಟಿತ್ತು. ತಾಟಿನ ಅಂಚು ಸರಿಸಿ ನೋಡಿದ. ಅಲ್ಲಿಯೂ ಚೀಟಿ. ಬಡಿಸುವ ಪಾತ್ರೆ, ಸೌಟು, ನೀರಿನ ಲೋಟ, ಎಲ್ಲ ಹೊಸವು. ಮಾಂಸ ಬೇಯಿಸಿದ ಪಾತ್ರೆಯಲ್ಲಿ ನಮಗೆ ಬಡಿಸಬಾರದೆಂದು ಆ ಮುದುಕಿ ಮನೆಯ ಅಷ್ಟೂ ಪಾತ್ರೆ ಬದಿಗಿಟ್ಟು ಹೊಸದು ತರಿಸಿತ್ತು. ನನಗೆ ನಾಚಿಕೆಯಾಯಿತು. ಅಣ್ಣ ತಲೆ ತಗ್ಗಿಸಿ ಉಂಡ. “ಇನ್ನಷ್ಟು ಹಾಕ್ರಿ” ಎಂದ. ಹಾಕಿದರು. “ಇನ್ನಷ್ಟು” ಎಂದ. ಮನೆಯಲ್ಲಿ ವೈನಿ ಎರಡನೆಯ ರೊಟ್ಟಿಗೆ ಕಾಡಿ ಬೇಡಬೇಕು, ಅಲ್ಲಿ ಅವನು ತಿಂದ ರೊಟ್ಟಿ ನೋಡಿ ಅವಳು ಗಾಬರಿಯಾದಳು.

ಬಡಿಸುತ್ತಿದ್ದ ಆಯಿ ಸೌಟು ಹಿಡಿದೇ ನಿಂತರು. ಮಗನ ಕಡೆ ತಿರುಗಿ, “ಈ ಮನಶ್ಯಾ ನಮ್ಮ ಮನ್ಯಾಗ ಹೊಟ್ಟಿ ತುಂಬ ಉಣ್ಣತಾನ. ನನಗ ಇನ್ನೇನು ಬೇಕು? ಲಗ್ನದ ದಿನಾ ನೋಡ್ರಿ” ಎಂದರು. ದೀಪಾ ಊಟ ಬಿಟ್ಟು ಎದ್ದು ಆಯಿಯ ಕಾಲಿಗೆ ಬಿದ್ದಳು, ಆಯಿ ಅವಳ ತಲೆಯ ಮೇಲೆ ಸೌಟಿರುವ ಕೈಯನ್ನೇ ಇಟ್ಟರು. ಪಲ್ಯ ಅಂಟಿದ ಕೂದಲಿನಲ್ಲೇ ಹುಡುಗಿ ಬೆಳಗಾವಿಗೆ ಬಂದಳು. ಹೊರಡುವಾಗ ಆಯಿ ಅಣ್ಣನಿಗೆ, “ಬರಕೋತ ಇರ್ರಿ. ಫೇಟಾ ಮಾತ್ರ ಬ್ಯಾಡ” ಎಂದರು.

ಮದುವೆಯಾಯಿತು. ಅದಾಗಿ ಈಗ ಕೆಲವು ವರ್ಷಗಳಾದವು. ಈ ಹೋಳಿಗೆ ಮೊದಲು ಆ ಮನೆಯಿಂದ ಫೋನು ಬಂತು. ಆಯಿಗೆ ಕಣ್ಣಿನ ಆಪರೇಶನ್, ಮಗಳಿರುವ ಪುಣೆಯಲ್ಲಿ ಮಾಡಿಸಬೇಕು, ಒಂದಿಷ್ಟು ದಿನ ಅಲ್ಲೇ ಇರಬೇಕು. ರಾವಸಾಹೇಬನನ್ನು ಯಾರ ಹತ್ತಿರ ಬಿಡುವುದು? ದೀಪಾ, ಸಾಗರ ಶಾಲೆಗೆ, ಉಳಿದವರು ಹೊಲ ತೋಟವೆಂದು ದಿನವೆಲ್ಲ ಹೊರಗೆ. ಬಳಗದವರು ಇಟ್ಟುಕೊಳ್ಳುತ್ತೇವೆಂದರೂ ಆಯಿಗೆ ನಂಬಿಕೆ ಇಲ್ಲ. ಅಣ್ಣನಿಗೆ ಖುದ್ದು ಹೇಳಿದರು: “ಯಾರ ಮನ್ಯಾಗ ಬಿಟ್ರೂ ಒಂದಿನ ಯಾರರ ಬೀಗರು ಬರತಾರ, ಮನಿಯವರ ಕೈ ಕೊಯ್ತಾಕ್ಕ ಹೋಗತೈತಿ. ನಿಮ್ಮ ಮನ್ಯಾಗ ಆ ಅಂಜಿಕಿ ಇಲ್ಲ. ನೀವು ಇಟಗೊಳ್ರಿ.”

ಹಾಗಾಗಿ ಈಗ ಸದಾಶಿವನಗರದಲ್ಲಿ, ಅಣ್ಣನ ಮನೆಯ ಹಿಂದೆ, ರಾವಸಾಹೇಬರು ಇದ್ದಾರೆ. ಲಿಂಗಾಯತರ ಮನೆಯಲ್ಲಿ ಕೋಳಿ! ಓಣಿಯವರು ಗೋಡೆಯ ಮೇಲಿಂದ ಇಣುಕುತ್ತಾರೆ. “ಎಂದ್ರೀ ಹಬ್ಬ?” ಎಂದು ಒಬ್ಬರು ತಮಾಷೆ ಮಾಡಿದ್ದಕ್ಕೆ ವೈನಿ ಅವರ ಮನೆಯವರ ಜೊತೆ ಮಾತು ಬಿಟ್ಟಿದ್ದಾಳೆ. ಪಕ್ಷಿಗೆ ವಯಸ್ಸಾಗಿದೆ, ಅಣ್ಣನ ಮೇಲಿನ ಹಗೆಗೆ ಆಗಿಲ್ಲ. ಬೆಳಿಗ್ಗೆ ಕಾಳು ಹಾಕಲು ಹೋದವನನ್ನು ಸ್ಕೂಟರಿನ ಸುತ್ತ ಓಡಿಸುತ್ತದೆ. ಈಗ ಅಣ್ಣ ಹೆಲ್ಮೆಟ್ ಹಾಕಿಕೊಂಡೇ ಕಾಳು ಹಾಕುತ್ತಾನೆ. ಇಷ್ಟಾದರೂ ಅದಕ್ಕೆ ಹಾಕುವ ಕೊತ್ತಂಬರಿ ಸೊಪ್ಪು ತಾಜಾ ಇಲ್ಲವೆಂದು ಸಂತೆಯಲ್ಲಿ ಜಗಳಾಡುತ್ತಾನಂತೆ. ನಾನು ಹೋದಾಗೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ.

ನಿನ್ನೆ ಸಂಜೆ ಹೋಗಿದ್ದೆ. ಅಣ್ಣ ಹೆಲ್ಮೆಟ್ ಹಾಕಿಕೊಂಡು ಹಿತ್ತಲಿನಲ್ಲಿ ನಿಂತಿದ್ದ. ಪುಣೆಯಿಂದ ಆಯಿಯ ಫೋನು ಬಂತು. ದಿನಾ ಬರುತ್ತದೆ. ದಿನಾ ಅದೇ ಪ್ರಶ್ನೆ: ಕಾಳು ತಿಂದನೇ, ನೀರು ಕುಡಿದನೇ, ಬಿಸಿಲಿಗೆ ಕೂತನೇ. ಅಣ್ಣ ಪಾಠ ಒಪ್ಪಿಸುವ ಹಾಗೆ ಹೇಳಿದ: “ಜ್ವಾಳಾ ತಿಂದಾನ್ರಿ, ಸೊಪ್ಪು ತಿಂದಾನ್ರಿ, ನೀರು ಈಗ ಇಟ್ಟೇನ್ರಿ.” ಆಪರೇಶನ್ ಹಿಂದಿನ ದಿನವಷ್ಟೇ ಆಗಿತ್ತು, ಆಯಿಯ ದನಿ ಸಣ್ಣದಾಗಿತ್ತು. ಫೋನು ಸ್ಪೀಕರಿನಲ್ಲಿತ್ತು, ನನಗೆ ಸ್ಪಷ್ಟ ಕೇಳಿಸಿತು.

“ಅದು ಇರ್ಲಿ. ನೀ ಉಂಡಿ ಏನಪಾ ಮಲ್ಲಪ್ಪಾ?”

ಅಣ್ಣನಿಗೆ ಅರವತ್ತು ದಾಟಿದೆ. ಅವ್ವ ಹೋದ ಮೇಲೆ ಅವನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. “ಇನ್ನೂ ಇಲ್ಲ ಆಯಿ” ಎಂದ.

“ಮದಲ ಹೋಗಿ ಉಣ್ಣು. ಅವನ್ನ ಆಮ್ಯಾಲೆ ನೋಡಕೊಳ್ಳೀಯಂತ” ಎಂದು ಆಯಿ ಫೋನಿಟ್ಟರು.

ಅಣ್ಣ ನೇರವಾಗಿ ಒಳಗೆ ಬಂದು ಊಟಕ್ಕೆ ಕುಳಿತ. ತಲೆಯ ಮೇಲೆ ಹೆಲ್ಮೆಟ್ ಹಾಗೇ ಇತ್ತು. ನಾನು ನಗಲಿಲ್ಲ, ಬಡಿಸಿದೆ.